ಫೆಬ್ರವರಿ ಬಂದರೆ ಬೆಂಚು ಖಾಲಿ: ಹತ್ತನೇ ಕ್ಲಾಸಿನ ಮಕ್ಕಳು ಎಲ್ಲಿಗೆ ಹೋಗುತ್ತಾರೆ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಶಿಕ್ಷಕಿ. ಹತ್ತನೇ ತರಗತಿಗೆ ಕ್ಲಾಸ್ ಟೀಚರ್ ಕೂಡ. ನನ್ನ ತರಗತಿಯಲ್ಲಿ 42 ಮಕ್ಕಳಿದ್ದಾರೆ. ಡಿಸೆಂಬರ್‌ವರೆಗೂ ದಿನಾ 38, 39 ಮಂದಿ ಬರುತ್ತಿದ್ದರು. ಈಗ ಫೆಬ್ರವರಿಯಲ್ಲಿ 30 ದಾಟಿದರೆ ಹೆಚ್ಚು. ಚೆನ್ನಾಗಿ ಓದುವ ಒಬ್ಬ ಹುಡುಗಿ ಪೂರ್ವಸಿದ್ಧತಾ ಪರೀಕ್ಷೆ ಆದ ಮೇಲೆ ಹೊಟ್ಟೆನೋವು ಅಂತ ವಾರಕ್ಕೆ ಎರಡು ದಿನ ತಪ್ಪಿಸುತ್ತಾಳೆ. ಒಬ್ಬ ಹುಡುಗ ಮೆಣಸಿನಕಾಯಿ ಬಿಡಿಸಲು ಹೋಗುತ್ತಿದ್ದಾನೆ. ನಾಲ್ಕೈದು ಮಂದಿ 'ಮನೆಯಲ್ಲೇ ಓದಿಕೊಳ್ಳುತ್ತೇವೆ' ಅನ್ನುತ್ತಾರೆ. 'ಹಾಜರಿ 75 ಪರ್ಸೆಂಟ್ ಇಲ್ಲದಿದ್ದರೆ ಹಾಲ್ ಟಿಕೆಟ್ ಇಲ್ಲ ಅಂತ ಹೆದರಿಸಿ' ಎಂದು ಹೆಡ್ ಮಾಸ್ತರರು ಹೇಳಿದರು. ಹೆದರಿಸಿದೆ. ಮರುದಿನ ಇನ್ನಿಬ್ಬರು ಕಡಿಮೆಯಾದರು. ಸೆಂಡ್ ಆಫ್ ಕಾರ್ಯಕ್ರಮವೂ ಈ ಸಲ ಬೇಡ, ಓದುವ ಸಮಯ ಹಾಳು ಅನ್ನುತ್ತಿದ್ದಾರೆ. ನಾನೇನು ಮಾಡಲಿ?

ಉತ್ತರ:

ಟೀಚರ್, ನಿಮ್ಮ ಪತ್ರದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು 'ಮರುದಿನ ಇನ್ನಿಬ್ಬರು ಕಡಿಮೆಯಾದರು' ಅನ್ನುವ ಸಾಲು. ಹಾಲ್ ಟಿಕೆಟ್ ಸಿಗುವುದಿಲ್ಲ ಅನ್ನುವ ಮಾತು ಪರೀಕ್ಷೆ ಬರೆಯುವ ಆಸೆ ಇರುವ ಮಗುವಿಗೆ ತಟ್ಟುತ್ತದೆ. ಪರೀಕ್ಷೆಗೇ ಹೆದರಿ ಮನೆಯಲ್ಲಿ ಕೂತವರಿಗೆ ಅದೇ ಮಾತು ಬಿಡುಗಡೆಯ ಹಾಗೆ ಕೇಳಿಸುತ್ತದೆ. 'ಹೆಂಗೂ ಹಾಲ್ ಟಿಕೆಟ್ ಕೊಡಂಗಿಲ್ಲಂತ, ಇನ್ಯಾಕ ಹೋಗ್ಲಿ' ಅಂತ ಒಬ್ಬ ಹುಡುಗ ನನ್ನ ಎದುರೇ ಹೇಳಿದ್ದ. ಅವನ ಲೆಕ್ಕ ತಪ್ಪೇನಿರಲಿಲ್ಲ.

ನಾನು ಹನ್ನೊಂದು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿ, ಆಮೇಲೆ ಶಾಲಾ ಮಕ್ಕಳ ಆಪ್ತಸಮಾಲೋಚನೆಗೆ ಬಂದವನು. ಮೇಷ್ಟ್ರಾಗಿದ್ದಾಗ ನಾನೂ ಇದೇ ಬೆದರಿಕೆ ಹಾಕಿದ್ದೇನೆ. ಹಾಗಾಗಿ ನಿಮ್ಮ ಹೆಡ್ ಮಾಸ್ತರರನ್ನು ದೂರುವ ಹಕ್ಕು ನನಗಿಲ್ಲ.

ಮೊದಲು 75ರ ಲೆಕ್ಕ ನೋಡೋಣ. ವರ್ಷಕ್ಕೆ 220 ದಿನ ಶಾಲೆ ನಡೆಯಿತು ಅಂದುಕೊಳ್ಳಿ. ನೂರಕ್ಕೆ 75 ಅಂದರೆ 165 ದಿನ. ಅಂದರೆ ಒಂದು ಮಗು 55 ದಿನ ತಪ್ಪಿಸಿದರೂ ಗೆರೆಯ ಈಚೆಗೇ ಇರುತ್ತದೆ. 55 ದಿನ ಅಂದರೆ ಎರಡು ತಿಂಗಳಿಗಿಂತ ಜಾಸ್ತಿ ಶಾಲೆ! ನಿಮ್ಮ ಹೊಟ್ಟೆನೋವಿನ ಹುಡುಗಿ ಜನವರಿವರೆಗೆ ಸರಿಯಾಗಿ ಬಂದಿದ್ದರೆ, ಇಲ್ಲಿಂದ ಮಾರ್ಚ್‌ವರೆಗೆ ವಾರಕ್ಕೆ ಎರಡು ದಿನ ತಪ್ಪಿಸಿದರೂ ಅವಳಿಗೆ ಹಾಜರಿ ಕೊರತೆ ಬರುವುದಿಲ್ಲ. ರಿಜಿಸ್ಟರ್ ಪ್ರಕಾರ ಅವಳಿಗೆ ಏನೂ ಆಗಿಲ್ಲ. ಅಮೆರಿಕದ ಶಾಲೆಗಳಲ್ಲಿ ನೂರಕ್ಕೆ ಹತ್ತು ದಿನ ತಪ್ಪಿದರೇ ಅದನ್ನು ಗಂಭೀರ ಗೈರುಹಾಜರಿ ಎಂದು ಎಣಿಸುತ್ತಾರೆ. ನಮ್ಮ ಲೆಕ್ಕಕ್ಕೆ ಅದು 22 ದಿನ. 75 ಇರುವುದು ಪರೀಕ್ಷೆಗೆ ಕೂರಲು ಅರ್ಹತೆ ನೋಡುವುದಕ್ಕೆ. ಮಗು ಹೇಗಿದೆ ಅಂತ ತಿಳಿಯಲು ಅದನ್ನು ಬಳಸಿದರೆ ತುಂಬಾ ತಡವಾಗುತ್ತದೆ.

ಹಾಗಾದರೆ ರಿಜಿಸ್ಟರ್‌ನಲ್ಲಿ ಏನು ನೋಡಬೇಕು? ಒಟ್ಟು ಎಷ್ಟು ಅನ್ನುವುದನ್ನು ಬಿಟ್ಟು, ಯಾವ ದಿನ ಅಂತ ನೋಡಿ. ಇವತ್ತೇ ಸಂಜೆ ಒಂದು ಹಾಳೆ ತೆಗೆದುಕೊಂಡು, ತಪ್ಪಿಸುತ್ತಿರುವ ಹನ್ನೆರಡು ಮಕ್ಕಳ ಹೆಸರು ಬರೆದು, ಕಳೆದ ಆರು ವಾರದಲ್ಲಿ ಬರದ ದಿನಗಳನ್ನು ಎದುರಿಗೆ ಬರೆಯಿರಿ. ಕಥೆ ತಾನಾಗಿಯೇ ಕಾಣುತ್ತದೆ. ಸೋಮವಾರ ಮಾತ್ರ ತಪ್ಪಿಸುವವರು, ಕಿರುಪರೀಕ್ಷೆಯ ದಿನ ಬರದವರು, ಸಂತೆಯ ದಿನ ಬರದವರು, ತಿಂಗಳಿಗೊಮ್ಮೆ ಮೂರು ದಿನ ಸತತವಾಗಿ ಬರದ ಹುಡುಗಿಯರು. ಒಂದು ಶಾಲೆಯಲ್ಲಿ ಹೀಗೆ ಬರೆದು ನೋಡಿದಾಗ ನಾಲ್ಕು ಹುಡುಗರು ಒಂದೇ ವಿಷಯದ ಡಬಲ್ ಪೀರಿಯಡ್ ಇರುವ ದಿನ ಬರುತ್ತಿರಲಿಲ್ಲ. ಆ ವಿಷಯ ಯಾವುದು, ಆ ಮೇಷ್ಟ್ರು ಯಾರು ಅನ್ನುವುದು ಇಲ್ಲಿ ಬೇಡ.

ಮೂರು ದಿನ ಸತತವಾಗಿ ಬರದ ಹುಡುಗಿಯರ ವಿಷಯ ಬೇಗ ಹೇಳಿಬಿಡುತ್ತೇನೆ. ಟಾಯ್ಲೆಟ್‌ನಲ್ಲಿ ನೀರು ಬರುತ್ತದಾ, ಬಾಗಿಲಿಗೆ ಚಿಲಕ ಇದೆಯಾ, ಶುಚಿ ಯೋಜನೆಯ ಪ್ಯಾಡ್‌ಗಳು ಬೀರುವಿನಲ್ಲಿ ಬೀಗದೊಳಗೆ ಕೂತಿವೆಯಾ ಅಥವಾ ಹುಡುಗಿಯರ ಕೈಗೆ ಸಿಗುತ್ತಿವೆಯಾ, ಇಷ್ಟನ್ನು ನೀವೇ ಹೋಗಿ ನೋಡಿ. ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆ ಫೆಬ್ರವರಿಯ ಗಡಿಬಿಡಿಯಲ್ಲಿ ನಿಂತುಹೋಗಿದೆಯಾ ಅಂತಲೂ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆ. 'ಆಸಕ್ತಿ ಇಲ್ಲ, ಮಂಕಾಗಿ ಕೂರುತ್ತಾಳೆ' ಅಂತ ನಾವು ಬರೆದುಕೊಳ್ಳುವ ಎಷ್ಟೋ ಹುಡುಗಿಯರಿಗೆ ಮೈಯಲ್ಲಿ ಶಕ್ತಿಯೇ ಇರುವುದಿಲ್ಲ.

ಈಗ ನಿಮ್ಮ ಹೊಟ್ಟೆನೋವಿನ ಹುಡುಗಿ. ಇವಳ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಇಂಥ ಮಕ್ಕಳನ್ನು ನಾವು ಗಮನಿಸುವುದೇ ಕಡಿಮೆ, ಅಲ್ವಾ? ಚೆನ್ನಾಗಿ ಓದುತ್ತಾಳೆ, ಬರದಿದ್ದರೂ ನಡೆಯುತ್ತದೆ ಅಂದುಕೊಳ್ಳುತ್ತೇವೆ.

ಮೊದಲನೆಯದಾಗಿ, ಆ ನೋವು ಸುಳ್ಳಲ್ಲ. ಭಯವಾದಾಗ ಹೊಟ್ಟೆ ಹಿಡಿದುಕೊಳ್ಳುವುದು, ವಾಕರಿಕೆ, ತಲೆನೋವು, ಪದೇ ಪದೇ ಟಾಯ್ಲೆಟ್‌ಗೆ ಹೋಗಬೇಕು ಅನ್ನಿಸುವುದು ಇವೆಲ್ಲ ದೇಹದಲ್ಲಿ ನಿಜವಾಗಿ ಆಗುವಂಥವು. 'ನಾಟಕ ಮಾಡ್ತಾಳೆ' ಅಂತ ಒಬ್ಬರು ಅಂದುಬಿಟ್ಟರೆ ಅವಳಿಗೆ ನೋವಿನ ಜೊತೆ ಅವಮಾನವೂ ಸೇರುತ್ತದೆ. ಆದ್ದರಿಂದ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಮ್ಮೆ ತೋರಿಸಲು ತಾಯಿಗೆ ಹೇಳಿ. ದೇಹದ ತೊಂದರೆ ಇದ್ದರೆ ಗೊತ್ತಾಗಲಿ. ಏನೂ ಸಿಗದಿದ್ದರೆ ಇದನ್ನು ನೋಡಿ: ನೋವು ಬೆಳಿಗ್ಗೆ ಬಂದು, ಶಾಲೆಯ ಬಸ್ಸು ಹೋದ ಮೇಲೆ ಕಡಿಮೆಯಾಗುತ್ತದಾ? ಭಾನುವಾರ ಇರುವುದಿಲ್ಲವಾ? ಭಾನುವಾರ ಸಂಜೆ ಮತ್ತೆ ಶುರುವಾಗುತ್ತದಾ? ಹೌದು ಅಂದರೆ ನೋವಿನ ಬೇರು ಹೆಚ್ಚಾಗಿ ಆತಂಕದಲ್ಲಿದೆ.

ಈ ಆತಂಕ ಬೆಳೆಯುವ ರೀತಿ ತಿಳಿದರೆ ಮುಂದಿನದು ಸುಲಭ. ಬೆಳಿಗ್ಗೆ ಭಯ ಏರುತ್ತದೆ. 'ಇವತ್ತು ಬೇಡ ಬಿಡು' ಅಂತ ಅಮ್ಮ ಅನ್ನುತ್ತಾರೆ. ಆ ಕ್ಷಣಕ್ಕೆ ಭಯ ಸರ್ರನೆ ಇಳಿಯುತ್ತದೆ. ಮನಸ್ಸು ಇದನ್ನು ಪಾಠವಾಗಿ ಕಲಿಯುತ್ತದೆ: ಹೋಗದಿದ್ದರೆ ಹಾಯಾಗಿರುತ್ತದೆ. ಮರುದಿನ ಭಯ ಇನ್ನೂ ಬೇಗ, ಇನ್ನೂ ಜೋರಾಗಿ ಬರುತ್ತದೆ. ಜೊತೆಗೆ ತಪ್ಪಿದ ಪಾಠ, 'ಯಾಕೆ ಬಂದಿರಲಿಲ್ಲ' ಅನ್ನುವ ಹತ್ತು ಜನರ ಪ್ರಶ್ನೆ. ಹೀಗಾಗಿ ಅವಳನ್ನು ಗದರಿಸಿ ಎಳೆದು ತರುವುದೂ ತಪ್ಪು, 'ಹುಷಾರಾದ ಮೇಲೆ ಬಾ' ಅಂತ ಬಿಡುವುದೂ ತಪ್ಪು. ಮನೆಯಲ್ಲಿ ಕೂತು ಈ ಭಯ ಹೋಗುವುದಿಲ್ಲ. ಸ್ವಲ್ಪ ಸ್ವಲ್ಪವಾಗಿ ಶಾಲೆಗೆ ಬಂದಾಗಲೇ ಹೋಗುತ್ತದೆ.

ಸ್ವಲ್ಪ ಸ್ವಲ್ಪ ಅಂದರೆ ಹೇಗೆ? ಅವಳ ಜೊತೆ ಒಬ್ಬರೇ ಕೂತು, ಯಾವ ಗಳಿಗೆ ಅತಿ ಕಷ್ಟ ಅಂತ ಕೇಳಿ. ಸುಮ್ನೆ 'ಏನಾಯ್ತು?' ಅಂದರೆ 'ಏನಿಲ್ರಿ ಟೀಚರ್' ಅನ್ನುವ ಉತ್ತರ ಬರುತ್ತದೆ. 'ಗೇಟು, ಪ್ರಾರ್ಥನೆ, ಕ್ಲಾಸಿನೊಳಗೆ ಕಾಲಿಡುವುದು, ಉತ್ತರ ಪತ್ರಿಕೆ ಕೊಡುವ ಹೊತ್ತು, ಇದರಲ್ಲಿ ಯಾವುದು?' ಅಂತ ಕೇಳಿದರೆ ಬೆರಳು ತೋರಿಸುತ್ತಾಳೆ. ನಾನು ಕಂಡ ಒಬ್ಬ ಹುಡುಗಿಗೆ ಕಷ್ಟವಾಗಿದ್ದು ಪ್ರಾರ್ಥನೆಯ ಸಾಲು. ಪೂರ್ವಸಿದ್ಧತಾ ಪರೀಕ್ಷೆಯ ಅಂಕಗಳನ್ನು ಅಲ್ಲಿ ಮೈಕಿನಲ್ಲಿ ಓದುತ್ತಿದ್ದರು. ಮಧ್ಯಾವಧಿಯಲ್ಲಿ 590 ಇದ್ದವಳಿಗೆ 561 ಬಂದಿತ್ತು. 'ಏನ್ ಆಯ್ತು ನಿನಗ?' ಅಂತ ಇಡೀ ಶಾಲೆಯ ಎದುರು ಕೇಳಿದ್ದರು. ಅವಳನ್ನು ಹದಿನೈದು ದಿನ ಪ್ರಾರ್ಥನೆ ಮುಗಿದ ಮೇಲೆ ನೇರ ಕ್ಲಾಸಿಗೆ ಬರಲು ಬಿಟ್ಟೆವು. ಮೈಕಿನಲ್ಲಿ ಅಂಕ ಓದುವುದನ್ನು ನಿಲ್ಲಿಸಿದೆವು. ಬೇರೆ ಔಷಧಿ ಬೇಕಾಗಲಿಲ್ಲ.

ನಿಮ್ಮ ಹುಡುಗಿಯ ಗಳಿಗೆ ಬೇರೆ ಇರಬಹುದು. ಅದು ಏನೇ ಇರಲಿ, ಮೊದಲ ವಾರ ಅವಳು ತಡವಾಗಿಯಾದರೂ ಬರಲಿ, ಎರಡು ಪೀರಿಯಡ್ ಆದರೂ ಇರಲಿ. ತೀರಾ ಕಷ್ಟವಾದರೆ ಹತ್ತು ನಿಮಿಷ ಹೋಗಿ ಕೂರಲು ಒಂದು ಜಾಗ ಇರಲಿ: ಗ್ರಂಥಾಲಯದ ಮೂಲೆ, ಸ್ಟಾಫ್ ರೂಮಿನ ಕಿಟಕಿ ಪಕ್ಕ. ಹೋಗಿ ಮನೆ ಸೇರದೆ ಮತ್ತೆ ಕ್ಲಾಸಿಗೆ ಬರಬೇಕು ಅನ್ನುವುದಷ್ಟೇ ಒಪ್ಪಂದ. ಬಂದ ದಿನ 'ಓ, ಮಹಾರಾಣಿ ಬಂದ್ರು' ಅನ್ನುವ ಮಾತು ಯಾವ ಮೇಷ್ಟ್ರ ಬಾಯಿಂದಲೂ ಬರಬಾರದು. ಇದನ್ನು ಸ್ಟಾಫ್ ರೂಮಿನಲ್ಲಿ ಮೊದಲೇ ಹೇಳಿಡಿ. ಎರಡು ವಾರದ ಕಷ್ಟ ಆ ಒಂದು ಮಾತಿನಲ್ಲಿ ನೀರುಪಾಲಾಗುತ್ತದೆ.

ಅವಳಿಗೆ ಇನ್ನೊಂದು ವಿಷಯವನ್ನೂ ಹೇಳಿ. ನಿಜ ಹೇಳಬೇಕೆಂದರೆ ಎಲ್ಲ ಮಕ್ಕಳಿಗೂ ಹೇಳಬೇಕು, ಮನೆಯವರಿಗೂ. 2024ರಿಂದ ಎಸ್‌ಎಸ್‌ಎಲ್‌ಸಿಗೆ ವರ್ಷಕ್ಕೆ ಮೂರು ಪರೀಕ್ಷೆಗಳಿವೆ. ಪರೀಕ್ಷೆ-1 ಸರಿ ಹೋಗದಿದ್ದರೆ 2, 3ರಲ್ಲಿ ಮತ್ತೆ ಬರೆಯಬಹುದು. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು. ಜಾಸ್ತಿ ಬಂದ ಅಂಕವೇ ಉಳಿಯುತ್ತದೆ. ಪಾಸಾಗುವ ಗೆರೆಯೂ 2025-26ರಿಂದ ಬದಲಾಗಿದೆ: ಒಟ್ಟು 625ಕ್ಕೆ 206, ಪ್ರತಿ ವಿಷಯದಲ್ಲಿ ನೂರಕ್ಕೆ 30, ಅದರಲ್ಲಿ ಆಂತರಿಕ ಅಂಕವೂ ಸೇರುತ್ತದೆ. ಇದನ್ನು ಕೆಲವು ಶಿಕ್ಷಕರು ಬೇಕೆಂದೇ ಹೇಳುವುದಿಲ್ಲ, ಹೇಳಿದರೆ ಮಕ್ಕಳು ಸೋಮಾರಿಗಳಾಗುತ್ತಾರೆ ಅಂತ. ನನ್ನ ಅನುಭವ ಬೇರೆ. ಮಾರ್ಚ್ ತಿಂಗಳು ಜೀವನದ ಕೊನೆಯ ಬಾಗಿಲು ಅಂತ ನಂಬಿದ ಮಗು ಓದುವುದಿಲ್ಲ, ಪುಸ್ತಕ ತೆರೆದಿಟ್ಟುಕೊಂಡು ಅಳುತ್ತದೆ.

ಮೆಣಸಿನಕಾಯಿ ಹೊಲದ ಹುಡುಗನ ಕಥೆ ಬೇರೆ. ಇವನನ್ನು ಮೇಲಿನ ಹುಡುಗಿಯ ಜೊತೆ ಒಂದೇ ಪಟ್ಟಿಗೆ ಹಾಕಬೇಡಿ. ಇವನಿಗೆ ಶಾಲೆ ಅಂದರೆ ಭಯ ಇಲ್ಲದಿರಬಹುದು. ಹಾವೇರಿ, ಬ್ಯಾಡಗಿ ಕಡೆ ಕೊಯ್ಲಿನ ಹೊತ್ತೂ ಪರೀಕ್ಷೆಯ ಹೊತ್ತೂ ಒಂದರ ಮೇಲೊಂದು ಬರುತ್ತವೆ. ನಾನು ಹೇಳುವ ಅಗತ್ಯವಿಲ್ಲ, ನೀವು ಅಲ್ಲೇ ಇದ್ದೀರಿ. ಕೊಡಗು, ಚಿಕ್ಕಮಗಳೂರಿನಲ್ಲಿ ಕಾಫಿ ಕೊಯ್ಲು, ಬೆಳಗಾವಿ ಕಡೆ ಕಬ್ಬು ಕಡಿಯುವುದು, ಕಲಬುರಗಿ, ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಗುಳೆ. ನಮ್ಮ ಶಾಲಾ ಕ್ಯಾಲೆಂಡರ್ ಮಾಡಿದವರು ಹೊಲದ ಕ್ಯಾಲೆಂಡರ್ ನೋಡಿದ ಹಾಗಿಲ್ಲ.

ಇವನ ಮನೆಗೆ ಹೋಗಿ. ಫೋನ್ ಸಾಲದು. ಹೋಗುವಾಗ ರಿಜಿಸ್ಟರ್ ಹಿಡಿದು ಹೋಗಬೇಡಿ. ಕೈಯಲ್ಲಿ ರಿಜಿಸ್ಟರ್ ಕಂಡರೆ ಅಪ್ಪ ಆಗಲೇ ತಪ್ಪಿತಸ್ಥನಾಗಿ ನಿಂತುಬಿಡುತ್ತಾನೆ. ಸಂಜೆ, ಹೊಲದಿಂದ ಬಂದು ಚಹಾ ಕುಡಿಯುವ ಹೊತ್ತಿಗೆ ಹೋಗಿ. 'ಇವನು ಬರದೆ ಹೋದರೆ ನಿಮಗೇ ನಷ್ಟ' ಅಂತ ಶುರು ಮಾಡದೆ, 'ಈ ಸಲ ಬೆಳೆ ಹೆಂಗೈತ್ರಿ?' ಅಂತ ಶುರು ಮಾಡಿ. ಕೂಲಿ ಆಳು ಸಿಗುತ್ತಿಲ್ಲವಾ, ಸಾಲ ಇದೆಯಾ, ಅಥವಾ ಹುಡುಗನೇ 'ನಾನು ದುಡೀತೀನಿ' ಅಂತ ಹೊರಟನಾ? ಮೂರನೆಯದು ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ. ತರಗತಿಯಲ್ಲಿ ದಿನಾ 'ದಡ್ಡ' ಅನ್ನಿಸಿಕೊಳ್ಳುವ ಹುಡುಗನಿಗೆ ಹೊಲದಲ್ಲಿ ಸಂಜೆ ಕೈಗೆ ನೋಟು ಬಂದರೆ, ಎಲ್ಲಿ ಮರ್ಯಾದೆ ಇದೆ ಅಂತ ಅವನೇ ಲೆಕ್ಕ ಹಾಕುತ್ತಾನೆ.

ಕಾನೂನಿನ ಮಾತು ಗೊತ್ತಿರಲಿ. 14 ತುಂಬದ ಮಕ್ಕಳನ್ನು ಕೂಲಿಗೆ ಹಚ್ಚುವುದು ಅಪರಾಧ. 14ರಿಂದ 18ರವರೆಗೆ ಅಪಾಯಕಾರಿ ಕೆಲಸಗಳಿಗೆ ನಿಷೇಧ. ಮನೆಯ ಹೊಲದಲ್ಲಿ ಶಾಲೆಯ ಹೊತ್ತು ಬಿಟ್ಟು ನೆರವಾಗುವುದು ಬೇರೆ ವಿಷಯ. ಆದರೆ ಮನೆ ಬಾಗಿಲಲ್ಲಿ ಕಾನೂನು ಓದಿದರೆ ಆ ಬಾಗಿಲು ಮತ್ತೆ ತೆರೆಯುವುದಿಲ್ಲ. ಕೇಳುವುದು ಹೀಗಿರಲಿ: 'ಬೆಳಿಗ್ಗೆ ಎರಡು ತಾಸು ಅವನು ಹೊಲದಲ್ಲಿ ಇರಲಿ. ಹತ್ತು ಗಂಟೆಗೆ ಕಳಿಸಿ. ಸಂಜೆ ಸ್ಪೆಷಲ್ ಕ್ಲಾಸಿಗೆ ಅವನನ್ನು ನಿಲ್ಲಿಸಿಕೊಳ್ಳುವುದಿಲ್ಲ.' ಇದು ಚೌಕಾಸಿ. ಹೌದು, ಚೌಕಾಸಿಯೇ. ಪೂರ್ತಿ ಕಳೆದುಕೊಳ್ಳುವುದಕ್ಕಿಂತ ಇದು ಮೇಲು. ಮತ್ತೆ ಬಂದ ದಿನ ಅವನಿಗೆ ಗಣಿತದಲ್ಲಿ ಖಂಡಿತ ಬರುವ ನಾಲ್ಕು ಲೆಕ್ಕ ಕೊಡಿ. ನಿಮ್ಮ ವಿಷಯವೇ ಅಲ್ಲವೇ? ಹತ್ತು ಮೂಟೆ ಮೆಣಸಿನಕಾಯಿಯ ತೂಕ, ದರ, ಕಮಿಷನ್ ಲೆಕ್ಕವನ್ನು ಬಾಯಲ್ಲೇ ಹಾಕುವ ಹುಡುಗನಿಗೆ ಸಂಖ್ಯೆ ಬರುವುದಿಲ್ಲ ಅಂತ ಯಾರೂ ಹೇಳಲಾರರು.

ಇಲ್ಲಿಯೇ ಒಂದು ಮಾತು. ಹುಡುಗಿಯೊಬ್ಬಳು ಏಕಾಏಕಿ ಬರುವುದು ನಿಲ್ಲಿಸಿ, ಮನೆಯವರು 'ಅಜ್ಜಿ ಊರಿಗೆ ಹೋಗ್ಯಾಳ' ಅಂತ ಕಣ್ಣು ತಪ್ಪಿಸಿ ಹೇಳಿದರೆ ಕಿವಿ ನಿಮಿರಬೇಕು. ಏಪ್ರಿಲ್, ಮೇ ಮದುವೆಯ ತಿಂಗಳು. ಗೆಳತಿಯರಿಗೆ ಮೇಷ್ಟ್ರಿಗಿಂತ ಮೊದಲೇ ಗೊತ್ತಿರುತ್ತದೆ. 18 ತುಂಬದ ಹುಡುಗಿಯ ಮದುವೆಯ ಸುಳಿವು ಸಿಕ್ಕರೆ ಇಲ್ಲಿ ಚೌಕಾಸಿ ಇಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಇನ್ನು 'ಮನೆಯಲ್ಲೇ ಓದುತ್ತೇವೆ' ಅನ್ನುವವರು. ಇವರ ಮೇಲೆ ನನಗೆ ಸಿಟ್ಟಿಲ್ಲ. ಸಿಲಬಸ್ ಮುಗಿದಿದೆ. ಶಾಲೆಗೆ ಬಂದರೆ ಹಳೆಯ ಪ್ರಶ್ನೆಪತ್ರಿಕೆಯ ಉತ್ತರವನ್ನು ಬೋರ್ಡಿನಿಂದ ನಕಲು ಮಾಡಿಕೊಳ್ಳುವುದು. ಒಂದು ಪೀರಿಯಡ್‌ಗೆ ಮೇಷ್ಟ್ರು ಇರುವುದಿಲ್ಲ, ಟ್ರೈನಿಂಗ್‌ಗೆ ಹೋಗಿರುತ್ತಾರೆ. ಹುಡುಗರು ಜಾಣರು, ಇದರಿಂದ ಏನು ಲಾಭ ಅಂತ ನೋಡುತ್ತಾರೆ. ಆದರೆ ಮನೆಯಲ್ಲಿ ಅವರು ಮಾಡುವುದು ಓದಿದ್ದನ್ನೇ ಮತ್ತೆ ಮತ್ತೆ ಓದುವುದು. ಕಣ್ಣಿಗೆ ಪರಿಚಯವಾದ ಪುಟ ತಲೆಗೆ ಹೋಗಿದೆ ಅಂತ ಅನ್ನಿಸುತ್ತದೆ. ಪುಸ್ತಕ ಮುಚ್ಚಿ ಬರೆದು ನೋಡಿದಾಗ ಮಾತ್ರ ನಿಜ ಗೊತ್ತಾಗುವುದು. ನೆನಪಿನಿಂದ ಹೊರತೆಗೆದು ಬರೆದದ್ದು ಜಾಸ್ತಿ ದಿನ ಉಳಿಯುತ್ತದೆ ಅನ್ನುವುದು ಕಲಿಕೆಯ ಸಂಶೋಧನೆಯಲ್ಲಿ ಮತ್ತೆ ಮತ್ತೆ ಕಂಡ ವಿಷಯ.

ಅದಕ್ಕೆ ಶಾಲೆಯಲ್ಲಿ ಮನೆಯಲ್ಲಿ ಸಿಗದ್ದನ್ನು ಇಡಿ. ಮಧ್ಯಾಹ್ನದ ಮೇಲೆ ಒಂದು ಕೋಣೆ ಬಿಟ್ಟುಕೊಡಿ. ನಾಲ್ಕು ಗುಂಪು, ಪುಸ್ತಕ ಮುಚ್ಚಿ ಬರೆಯುವುದು, ಒಬ್ಬರದ್ದನ್ನು ಇನ್ನೊಬ್ಬರು ತಿದ್ದುವುದು. ಒಂದು ಮೇಜಿನಲ್ಲಿ ನೀವು ಸುಮ್ಮನೆ ಕೂತಿರಿ, ಡೌಟು ಇದ್ದವರು ಬಂದು ಕೇಳಲಿ. ಅಷ್ಟಕ್ಕೇ ನಾಲ್ಕರಲ್ಲಿ ಮೂವರು ವಾಪಸ್ ಬರುತ್ತಾರೆ ಅನ್ನುವುದು ನನ್ನ ಅಂದಾಜು. ನಾಲ್ಕನೆಯವನು ಮನೆಯಲ್ಲಿ ಮೊಬೈಲ್ ನೋಡುತ್ತಿದ್ದಾನೆ, ಅವನ ಅಮ್ಮನಿಗೆ ಫೋನ್ ಮಾಡಿ.

ಸ್ಪೆಷಲ್ ಕ್ಲಾಸ್ ಬಗ್ಗೆ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಅನೇಕ ಶಾಲೆಗಳಲ್ಲಿ ಹಾಜರಿ ಬೀಳಲು ಮುಖ್ಯ ಕಾರಣ ಇದೇ. ಬೆಳಿಗ್ಗೆ ಎಂಟೂವರೆಗೆ ಶುರು, ಸಂಜೆ ಆರಕ್ಕೆ ಮುಕ್ತಾಯ. ಹಳ್ಳಿಯ ಮಗು ಏಳಕ್ಕೇ ಮನೆ ಬಿಡಬೇಕು. ಏನೂ ತಿಂದಿರುವುದಿಲ್ಲ. ಹಾಲೋ ರಾಗಿ ಮಾಲ್ಟೋ ಕೊಡುವ ಹೊತ್ತಿಗೆ ಎರಡು ಕ್ಲಾಸು ಆಗಿರುತ್ತದೆ, ಬಿಸಿಯೂಟ ಮಧ್ಯಾಹ್ನ. ಸಂಜೆ ಮನೆ ಸೇರಿ, ನೀರು ತಂದು, ರೊಟ್ಟಿ ಬಡಿದು, ಓದಲು ಕೂರುವುದು ರಾತ್ರಿ ಒಂಬತ್ತಕ್ಕೆ. 13ರಿಂದ 18 ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ತಾಸು ನಿದ್ದೆ ಬೇಕು ಅಂತ ನಿದ್ರಾ ತಜ್ಞರು ಹೇಳುತ್ತಾರೆ. ಈ ವಯಸ್ಸಿನಲ್ಲಿ ದೇಹದ ಗಡಿಯಾರವೇ ಸ್ವಲ್ಪ ಹಿಂದೆ ಸರಿಯುತ್ತದೆ, ರಾತ್ರಿ ಬೇಗ ನಿದ್ದೆ ಹತ್ತುವುದಿಲ್ಲ, ಬೆಳಿಗ್ಗೆ ಬೇಗ ಎಚ್ಚರವಾಗುವುದಿಲ್ಲ. ಅದರ ಮೇಲೆ 'ನಾಲ್ಕಕ್ಕೆ ಎದ್ದು ಓದು' ಅಂತ ಮೇಷ್ಟ್ರು ಮಿಸ್ಡ್ ಕಾಲ್ ಕೊಟ್ಟು ಎಬ್ಬಿಸುವ ಪದ್ಧತಿ. ಕಾಳಜಿಯಿಂದ ಮಾಡುತ್ತಾರೆ, ಗೊತ್ತು. ನಿದ್ದೆಗೆಟ್ಟು ಓದಿದ್ದು ನಿಲ್ಲುವುದಿಲ್ಲ, ಅಷ್ಟೇ. ಬೆಳಗಿನದ್ದೋ ಸಂಜೆಯದ್ದೋ, ಎರಡರಲ್ಲಿ ಒಂದು ಸ್ಪೆಷಲ್ ಕ್ಲಾಸ್ ಬಿಡಿ ಅಂತ ಹೆಡ್ ಮಾಸ್ತರರನ್ನು ಕೇಳಿ. ಹದಿನೈದು ದಿನದ ಪ್ರಯೋಗ ಅನ್ನಿ. 'ಪ್ರಯೋಗ' ಅಂದರೆ ಹೆಡ್ ಮಾಸ್ತರರು ಒಪ್ಪುವುದು ಹೆಚ್ಚು.

ಅವರ ಮೇಲೂ ಒತ್ತಡ ಇದೆ ಅನ್ನುವುದನ್ನು ಮರೆಯಬಾರದು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾ ಮೂಲಕ ನೇರ ನಿಗಾ, ಬಂತು. ರಾಜ್ಯದ ಫಲಿತಾಂಶ ಹಿಂದಿನ ವರ್ಷದ 83.89ರಿಂದ 73.40ಕ್ಕೆ ಇಳಿಯಿತು, ಅದೂ ಗ್ರೇಸ್ ಅಂಕ ಕೊಟ್ಟ ಮೇಲೆ. ಅಂದಿನಿಂದ ಮೇಲಿನಿಂದ ಕೆಳಗೆ ಎಲ್ಲರಿಗೂ ನೋಟಿಸು, ಸಭೆ, ಗುರಿ. ಆ ಒತ್ತಡ ಇಲಾಖೆಯಿಂದ ಹೆಡ್ ಮಾಸ್ತರರಿಗೆ, ಅವರಿಂದ ನಿಮಗೆ, ನಿಮ್ಮಿಂದ ಮಕ್ಕಳಿಗೆ ಇಳಿಯುತ್ತದೆ. ಮಕ್ಕಳಿಗೆ ಕೆಳಗೆ ದಾಟಿಸಲು ಯಾರೂ ಇಲ್ಲ. ನನಗೆ ಗೊತ್ತಿರುವ ಒಂದು ಶಾಲೆಯಲ್ಲಿ, ಫೇಲಾಗಬಹುದು ಅನ್ನುವ ಮೂರು ಮಕ್ಕಳಿಗೆ 'ಈ ವರ್ಷ ಬೇಡ, ಮುಂದಿನ ವರ್ಷ ಕಟ್ಟು' ಅಂತ ಮೆಲ್ಲಗೆ ಹೇಳಿ ಕಳಿಸಿದ್ದರು. ಫಲಿತಾಂಶ ನೂರಕ್ಕೆ ನೂರು ಬಂತು. ಶಾಲೆಯ ಮುಂದೆ ಬ್ಯಾನರ್ ಕಟ್ಟಿದರು. ಆ ಮೂವರಲ್ಲಿ ಯಾರೂ ಮುಂದಿನ ವರ್ಷ ಕಟ್ಟಲಿಲ್ಲ.

ನಿಮ್ಮ ಪತ್ರದಲ್ಲಿ ಒಂಬತ್ತನೇ ತರಗತಿಯ ಸುದ್ದಿಯೇ ಇಲ್ಲ. ತಪ್ಪು ತಿಳಿಯಬೇಡಿ, ಯಾವ ಶಾಲೆಯಿಂದ ಬರುವ ಪತ್ರದಲ್ಲೂ ಇರುವುದಿಲ್ಲ. ಫೆಬ್ರವರಿಯಿಂದ ಎಲ್ಲರ ಕಣ್ಣು ಹತ್ತರ ಮೇಲೆ. ಒಂಬತ್ತಕ್ಕೆ ಪಾಠ ಮಾಡುವವರು ಸ್ಪೆಷಲ್ ಕ್ಲಾಸಿಗೆ, ಪರೀಕ್ಷಾ ಕೆಲಸಕ್ಕೆ ಹೋಗುತ್ತಾರೆ. ಶಾಲೆಯೇ ಪರೀಕ್ಷಾ ಕೇಂದ್ರವಾದರೆ ಆ ದಿನಗಳಲ್ಲಿ ಅವರಿಗೆ ಮನೆಯೇ ಗತಿ. ಹೀಗೆ ಸಡಿಲವಾದ ಎಳೆ ಏಪ್ರಿಲ್, ಮೇ ರಜೆಯಲ್ಲಿ ಕಡಿದುಹೋಗುತ್ತದೆ. ಜೂನ್‌ನಲ್ಲಿ ಹತ್ತನೇ ತರಗತಿಯ ರಿಜಿಸ್ಟರ್‌ನಲ್ಲಿ ಹೆಸರು ಇರುತ್ತದೆ, ಮಗು ಇರುವುದಿಲ್ಲ. ಒಂಬತ್ತರ ಕ್ಲಾಸ್ ಟೀಚರ್ ಜೊತೆ ಇವತ್ತೇ ಮಾತಾಡಿ, ಅವರ ರಿಜಿಸ್ಟರ್‌ನಲ್ಲೂ ಅದೇ ಹಾಳೆ ಬರೆಯಲು ಹೇಳಿ. ರಜೆಗೆ ಮುಂಚೆ ಅವರಲ್ಲಿ ಅಲುಗಾಡುತ್ತಿರುವ ಐದಾರು ಮಕ್ಕಳಿಗೆ ಏನಾದರೂ ಜವಾಬ್ದಾರಿ ಕೊಡಿ: ಶಾಲೆ ತೆರೆದ ದಿನ ಗಿಡಕ್ಕೆ ನೀರು, ಪುಸ್ತಕ ಹಂಚುವುದು. 'ಜೂನ್‌ನಲ್ಲಿ ನಿನ್ನ ಕೆಲಸ ಇದೆ' ಅನ್ನುವ ಮಾತಿಗೆ ಮಕ್ಕಳು ಬರುತ್ತಾರೆ.

ಈಗ ಕಷ್ಟದ ಭಾಗ. ತಪ್ಪಿಸುತ್ತಿರುವ ಹನ್ನೆರಡರಲ್ಲಿ ಒಂದು ಮಗುವಿನ ವಿಷಯ ಬೇರೆಯೇ ಇರಬಹುದು. ಗೆಳೆಯರಿಂದ ದೂರವಾಗಿದೆ, ಊಟ ನಿದ್ದೆ ಬಿಟ್ಟಿದೆ, ಇಷ್ಟದ ವಸ್ತುಗಳನ್ನು ಬೇರೆಯವರಿಗೆ ಕೊಡುತ್ತಿದೆ, 'ನಾನಿಲ್ಲದಿದ್ದರೆ ಎಲ್ಲರಿಗೂ ಆರಾಮ' ಅನ್ನುವಂಥ ಮಾತಾಡುತ್ತಿದೆ. ಇಂಥದ್ದು ಕಂಡರೆ ನೇರವಾಗಿ ಕೇಳಿ: 'ಸಾಯಬೇಕು ಅಂತ ಅನ್ನಿಸುತ್ತಿದೆಯಾ?' ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೋಗುತ್ತದೆ ಅಂತ ಶಿಕ್ಷಕರು ಹೆದರುತ್ತಾರೆ. ಹಾಗೆ ಆಗುವುದಿಲ್ಲ. ಕೇಳಿದಾಗ ಮಗುವಿನ ಎದೆ ಹಗುರಾಗುತ್ತದೆ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ, 'ಯಾರಿಗೂ ಹೇಳಲ್ಲ' ಅಂತ ಮಾತು ಕೊಡಬೇಡಿ, ಅದೇ ದಿನ ಮನೆಯ ನಂಬಿಕೆಯ ಒಬ್ಬ ದೊಡ್ಡವರನ್ನು ಕರೆಸಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಅಲ್ಲಿಂದಲೇ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಉಚಿತ ಸೇವೆ ಇದು, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ನಿಮಗೇ ದಾರಿ ತೋಚದಿದ್ದರೂ ಕರೆ ಮಾಡಬಹುದು. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಮಂಗಳವಾರ ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ತಿಂಗಳಲ್ಲಿ ಯಾವ ಮಂಗಳವಾರ ಅಂತ ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ಬೇಕಾದ ದಿನ ಹುಡುಕಲು ಕೂರಬಾರದು.

ಇಷ್ಟೆಲ್ಲ ನಾನೊಬ್ಬಳೇ ಹೇಗೆ ಮಾಡಲಿ ಅಂತ ನಿಮಗೆ ಅನ್ನಿಸಿರಬಹುದು. ಒಬ್ಬರೇ ಮಾಡಬೇಡಿ. ಹನ್ನೆರಡು ಮಕ್ಕಳನ್ನು ನಾಲ್ಕು ಶಿಕ್ಷಕರು ಹಂಚಿಕೊಳ್ಳಿ, ತಲೆಗೆ ಮೂರು. ಪಿ.ಇ. ಮೇಷ್ಟ್ರನ್ನು ಬಿಡಬೇಡಿ, ಹುಡುಗರು ಅವರ ಹತ್ತಿರ ಹೇಳುವಷ್ಟು ಯಾರ ಹತ್ತಿರವೂ ಹೇಳುವುದಿಲ್ಲ. ಬಿಸಿಯೂಟದ ಅಡುಗೆಯವರನ್ನೂ ಕೇಳಿ. ಯಾರು ಊಟ ಬಿಡುತ್ತಿದ್ದಾರೆ, ಯಾರು ಒಬ್ಬರೇ ಕೂತು ಉಣ್ಣುತ್ತಿದ್ದಾರೆ ಅಂತ ಅವರಿಗೆ ನಿಖರವಾಗಿ ಗೊತ್ತಿರುತ್ತದೆ. ಮಗು ಒಂದು ದಿನ ಬರದಿದ್ದರೆ ಅದೇ ದಿನ ಹನ್ನೊಂದು ಗಂಟೆಯೊಳಗೆ ಒಂದು ಫೋನ್ ಹೋಗಲಿ. ಮಾತು ಎರಡೇ ನಿಮಿಷ, 'ಯಾಕ ಬಂದಿಲ್ಲ' ಅನ್ನುವುದಕ್ಕಿಂತ 'ಇವತ್ತ ನೀ ಇರಲಿಲ್ಲ, ನಾಳಿ ತ್ರಿಕೋನಮಿತಿ ಮಾಡ್ತೀವಿ, ಬಾ' ಅನ್ನುವುದು ಸಾಕು. ಮೂರು ದಿನ ಕಾದು ಮಾಡಿದ ಫೋನು ವಿಚಾರಣೆಯ ಹಾಗೆ ಕೇಳಿಸುತ್ತದೆ.

ಕೊನೆಗೆ ಸೆಂಡ್ ಆಫ್. ಮಾಡಿ. ದಯವಿಟ್ಟು ಮಾಡಿ. ಹಾರ, ಶಾಲು, ಅತಿಥಿಗಳ ಒಂದು ತಾಸಿನ ಭಾಷಣ ಇದ್ಯಾವುದೂ ಬೇಡ, ಮಧ್ಯಾಹ್ನ ಎರಡು ತಾಸು ಸಾಕು. ಹಾಡಲು ಬರುವವರು ಹಾಡಲಿ, ಮೇಷ್ಟ್ರನ್ನು ಅಣಕಿಸಲು ಬರುವವರು ಅಣಕಿಸಲಿ. ಅದೇ ದಿನ ಹಾಲ್ ಟಿಕೆಟ್ ಕೊಡುವ ಹಾಗೆ ನೋಡಿಕೊಳ್ಳಿ. ಹಾಲ್ ಟಿಕೆಟ್ ಜೊತೆ ಒಂದು ಚೀಟಿ: ಪರೀಕ್ಷೆಯ ದಿನಾಂಕಗಳು, ಕೇಂದ್ರಕ್ಕೆ ಹೋಗುವ ಬಸ್ಸಿನ ಹೊತ್ತು, ನಿಮ್ಮ ಫೋನ್ ನಂಬರ್, 14416. ಪರೀಕ್ಷೆ ಮುಗಿದು ಫಲಿತಾಂಶ ಬರುವವರೆಗೆ ತಿಂಗಳಷ್ಟು ದಿನ ಈ ಮಕ್ಕಳು ಯಾರ ರಿಜಿಸ್ಟರ್‌ನಲ್ಲೂ ಇರುವುದಿಲ್ಲ. ಆದ್ದರಿಂದ ಪಿಯುಸಿನೋ ಐಟಿಐನೋ ಡಿಪ್ಲೊಮಾನೋ ಅಂತ ಆ ದಿನವೇ ಒಬ್ಬೊಬ್ಬರನ್ನೂ ಕೇಳಿ ಬರೆದುಕೊಳ್ಳಿ, ಜಾತಿ-ಆದಾಯ ಪ್ರಮಾಣಪತ್ರ ಮಾಡಿಸಿದ್ದಾರಾ ಅಂತಲೂ. ಫಲಿತಾಂಶದ ದಿನ ಬೆಳಿಗ್ಗೆ, 590 ಬಂದವರಿಗೆ ಫೋನ್ ಮಾಡುವ ಮೊದಲು, ಎರಡು ವಿಷಯದಲ್ಲಿ ಹೋಗಬಹುದು ಅಂತ ನಿಮಗೆ ಅನುಮಾನ ಇರುವವರಿಗೆ ಮಾಡಿ. 'ಪರೀಕ್ಷೆ-2ಕ್ಕೆ ಇಷ್ಟು ದಿನ ಇದೆ, ಸೋಮವಾರ ಬಾ' ಅನ್ನಿ.

ಗ್ರೂಪ್ ಫೋಟೋವನ್ನೂ ಸೆಂಡ್ ಆಫ್ ದಿನವೇ ಇಟ್ಟುಕೊಳ್ಳಿ. ಎರಡು ದಿನ ಮುಂಚೆ ಮೆಣಸಿನಕಾಯಿ ಹೊಲಕ್ಕೂ ಹೇಳಿ ಕಳಿಸಿ. ಯೂನಿಫಾರ್ಮ್ ಚಿಕ್ಕದಾಗಿದ್ದರೆ ಹಿಂದಿನ ಸಾಲಿನಲ್ಲಿ ನಿಲ್ಲಲಿ, ಕಾಣುವುದಿಲ್ಲ. ಅವನು ಬಂದ ಮೇಲೆಯೇ ಫೋಟೋದವನಿಗೆ 'ತೆಗಿ' ಅನ್ನಿ.